ವೋಚರ್ ಇಲ್ಲದ ಎಂಟ್ರಿ ನೀವು ಒಪ್ತೀರಾ?

(1/5)
"ಬಾಟನಿ ಓದೋಳಿಗೆ ಕೋಡಿಂಗ್ ಯಾಕೆ?" ಅಂತ ಕ್ಯಾಂಟೀನಲ್ಲಿ ನನ್ನ ರೂಮ್‌ಮೇಟ್‌ನ ನೋಡಿ ನಕ್ಕವರು ನಮ್ಮ ಬಿಕಾಂ ಕ್ಲಾಸಿನವರೇ. ಅದಕ್ಕೇ ಇದು ನಿಮಗೆ. ಪೂರ್ತಿ ಓದಿ, ಆಮೇಲೆ ನಗಿ.

(2/5)
ಪ್ರಾಜೆಕ್ಟ್‌ಗೆ ಅವಳು ರಸ್ತೆ ಬದಿಯ ಹೊಂಗೆ, ಕ್ಯಾಂಪಸ್ ಒಳಗಿನ ಹೊಂಗೆ, ಎರಡರ ಎಲೆಗಳನ್ನೂ ಸ್ಕೇಲ್ ಹಿಡಿದು ಅಳೆದಳು. 200 ಎಲೆ. ಸ್ಪ್ರೆಡ್‌ಶೀಟ್‌ಗೆ ಹಾಕಿ, ಗೊತ್ತಿಲ್ಲದೆ ಅಳತೆಯ ಕಾಲಂ ಒಂದನ್ನೇ ಸಾರ್ಟ್ ಮಾಡಿದ್ಲು. ಮರದ ಹೆಸರು ಇದ್ದಲ್ಲೇ ಉಳೀತು, ಅಳತೆ ಮಾತ್ರ ಜಾಗ ಬದಲಾಯಿಸ್ತು. ರಸ್ತೆ ಬದಿ ಎಲೆಗಳೆಲ್ಲ ಚಿಕ್ಕವು, ಕ್ಯಾಂಪಸ್ ಎಲೆಗಳೆಲ್ಲ ದೊಡ್ಡವು! ಎಷ್ಟು ಚೆಂದದ ರಿಸಲ್ಟ್! ಎರಡು ವಾರ ಖುಷಿಯಾಗಿದ್ಲು. ಆಮೇಲೆ ನೋಟ್‌ಬುಕ್ ಜೊತೆ ತಾಳೆ ನೋಡಿದ್ರೆ, ಅಷ್ಟೂ ಸುಳ್ಳು.

(3/5)
"ಅವಳದ್ದೇ ಅಜಾಗರೂಕತೆ" ಅಂತೀರಾ? ದೊಡ್ಡ ದೊಡ್ಡ ವಿಜ್ಞಾನಿಗಳ ಕಥೆ ಕೇಳಿ. ಸೆಪ್ಟ್2, ಮಾರ್ಚ್1 ಅನ್ನೋ ಜೀನ್‌ಗಳಿದ್ವು. ಎಕ್ಸೆಲ್ ಅವನ್ನ ಸೆಪ್ಟೆಂಬರ್ 2, ಮಾರ್ಚ್ 1 ಅಂತ ತಾರೀಖು ಮಾಡಿಬಿಡ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಅಂತ 2016ರಲ್ಲಿ ಲೆಕ್ಕ ಸಿಕ್ತು. 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದ್ರು! ಸೆಪ್ಟ್2 ಈಗ ಸೆಪ್ಟಿನ್2.

(4/5)
ಅದಕ್ಕೇ ಅವಳು 'ಆರ್' ಕಲೀತಿದಾಳೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕಟ್ಟಿದ ಭಾಷೆ. ಪೂರ್ತಿ ಉಚಿತ. ಅದರ ಜೊತೆಗೇ ಬರೋ ಅಭ್ಯಾಸದ ಡೇಟಾ ಯಾವುದು ಗೊತ್ತಾ? 150 ಐರಿಸ್ ಹೂಗಳ ಅಳತೆ! ಅಳೆದು ಬರೆದಿಟ್ಟವರು ಎಡ್ಗರ್ ಆಂಡರ್ಸನ್, ಒಬ್ಬ ಸಸ್ಯಶಾಸ್ತ್ರಜ್ಞ. ಹೂವಿನ ಲೆಕ್ಕ ಇಟ್ಕೊಂಡೇ ಬಂದಿರೋ ಭಾಷೆ ಬಾಟನಿಯವರಿಗೆ ಬೇಡ್ವಂತೆ!

(5/5)
ಆರ್‌ನಲ್ಲೂ ತಪ್ಪಾಗುತ್ತೆ. ಒಂದು ಕಾಮಾ ಬಿಟ್ಟಿದ್ದಕ್ಕೆ ಅವಳು ರಾತ್ರಿ ಒಂದು ಗಂಟೆಗೆ ಅತ್ತಿದ್ದನ್ನ ನಾನೇ ನೋಡಿದೀನಿ. ಆದ್ರೆ ಮೂಲ ಫೈಲ್ ಮುಟ್ಟದೆ, ಮಾಡಿದ ಪ್ರತಿ ಕೆಲಸಾನೂ ಒಂದೊಂದು ಸಾಲಲ್ಲಿ ಬರೆದಿಡಬಹುದು. ಎಲ್ಲಿ ಎಡವಿದೆ ಅಂತ ಅವಳೂ ಹುಡುಕಬಹುದು, ಬೇರೆಯವರೂ ಹಿಡೀಬಹುದು. ಮೌಸಲ್ಲಿ ಒತ್ತಿದ್ದಕ್ಕೆ ಸಾಕ್ಷಿ ಎಲ್ಲಿದೆ? ವೋಚರ್ ಇಲ್ಲದ ಎಂಟ್ರಿ ಕಂಡ್ರೆ ಆಡಿಟಿಂಗ್ ಕ್ಲಾಸಲ್ಲಿ ಹುಬ್ಬು ಗಂಟಿಕ್ಕೋರು ನಾವು. ಅವಳು ತನ್ನ ಎಲೆಗಳಿಗೆ ವೋಚರ್ ಬರೀತಿದಾಳೆ, ಅಷ್ಟೇ. ನಗೋಕೆ ನಮಗೇನು ಹಕ್ಕಿದೆ? ಸ್ಟ್ಯಾಟಿಸ್ಟಿಕ್ಸ್ ಸೂತ್ರ ಬಾಯಿಪಾಠ ಮಾಡಿ ಪಾಸಾದೋರು ತಾನೇ ನಾವು!

ಇವತ್ತು ರಾತ್ರಿ ಅವಳ ಲ್ಯಾಪ್‌ಟಾಪ್ ಪಕ್ಕ ನಾನೂ ಕೂರ್ತೀನಿ. ನಕ್ಕವರಿಗೂ ಜಾಗ ಇದೆ, ಬನ್ನಿ. 🌿

#ಆರ್‌ಕಲಿಯೋಣ #ಬಿಕಾಂಹುಡುಗರು #ಹೊಂಗೆಎಲೆ