ಬೇಲಿಯಾಚೆಯ ಕಾಡು

“ಇಲ್ಲಿ ಕಾಡೆಲ್ಲಿದೆ? ಇರುವುದೆಲ್ಲ ನೀಲಗಿರಿ ಮರ, ಕುರುಚಲು ಪೊದೆ” ಎಂಬ ಮಾತು ನಮ್ಮ ಕನ್ನಡ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಸಹ್ಯಾದ್ರಿಯ ಹಸಿರನ್ನು ಕಣ್ಣಲ್ಲಿ ತುಂಬಿಕೊಂಡು ಬಂದವರಿಗೆ ಸಿಡ್ನಿ, ಮೆಲ್ಬರ್ನ್‌ಗಳ ಬೂದುಹಸಿರಿನ ಕಾಡು ಕಾಡೆಂದೇ ತೋರದಿರುವುದು ಸಹಜ. ಹಾವಿನ ಭಯ, ಕಾಳ್ಗಿಚ್ಚಿನ ಭಯಗಳೂ ಸೇರಿ, ಅದು ನಮ್ಮಲ್ಲಿ ಅನೇಕರಿಗೆ ಬೇಲಿಯಾಚೆಯ ಪಾಳುಭೂಮಿಯಾಗಿಯೇ ಉಳಿದಿದೆ. ಆದರೆ ನಗರದ ಕಾಡು ಉಳಿಯುವುದೂ ಅಳಿಯುವುದೂ ಅದರ ನೆರೆಯವರು ಅದಕ್ಕೆ ಕಟ್ಟುವ ಬೆಲೆಯಿಂದ ಎಂಬುದನ್ನು ನಾವು ಮರೆಯಬಾರದು.

ಇದಕ್ಕೆ ಸಿಡ್ನಿಯ ಹಂಟರ್ಸ್ ಹಿಲ್ ಬಡಾವಣೆಯೇ ಸಾಕ್ಷಿ. ಅಲ್ಲಿ ಪ್ಯಾರಾಮಟ್ಟಾ ನದಿಯ ದಡದಲ್ಲಿ ಕೆಲ್ಲೀಸ್ ಬುಷ್ ಎಂಬ ಸುಮಾರು 12 ಎಕರೆಯ ಕಾಡಿದೆ. ಅದನ್ನು ಕಡಿದು ಮನೆಗಳನ್ನು ಕಟ್ಟುವ ಯೋಜನೆ ಬಂದಾಗ ಎದ್ದು ನಿಂತವರು ಆ ನೆರೆಹೊರೆಯ 13 ಮಹಿಳೆಯರು. ಮನವಿಗಳು ಫಲಿಸದಿದ್ದಾಗ, 1971ರಲ್ಲಿ ಅವರು ಜ್ಯಾಕ್ ಮಂಡೇ ಅವರ ಮುಂದಾಳುತನದ ಕಟ್ಟಡ ಕಾರ್ಮಿಕರ ಸಂಘದ ಮೊರೆಹೊಕ್ಕರು. ಅಲ್ಲಿ ಕೆಲಸ ಮಾಡುವುದಿಲ್ಲವೆಂದು ಕಾರ್ಮಿಕರು ಘೋಷಿಸಿದರು. ‘ಗ್ರೀನ್ ಬ್ಯಾನ್’ ಎಂಬ ಲೋಕಪ್ರಸಿದ್ಧ ಚಳವಳಿ ಹುಟ್ಟಿದ್ದು ಹೀಗೆ. 1983ರಲ್ಲಿ ಸರ್ಕಾರ ಆ ಕಾಡನ್ನು ಸಾರ್ವಜನಿಕರಿಗಾಗಿ ಉಳಿಸಿತು. ಅದೇ ವರ್ಷ ನಮ್ಮ ಶಿರಸಿ ಸೀಮೆಯ ಹಳ್ಳಿಗರು ಮರಗಳನ್ನು ತಬ್ಬಿಕೊಂಡು ‘ಅಪ್ಪಿಕೋ’ ಚಳವಳಿಯನ್ನು ಆರಂಭಿಸಿದ್ದು ಎಂಥ ಸೊಗಸಾದ ಕಾಕತಾಳೀಯ!

ಮೆಲ್ಬರ್ನ್ ನಗರಸಭೆಯು 2012ರಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಶೇ. 22ರಷ್ಟಿದ್ದ ಮರಗಳ ಹಂದರವನ್ನು 2040ರ ವೇಳೆಗೆ ಶೇ. 40ಕ್ಕೆ ಏರಿಸುವ ಸಂಕಲ್ಪ ಮಾಡಿತು. ಕೊಂಬೆ ಮುರಿದರೆ ಜನರು ತಿಳಿಸಲೆಂದು ಒಂದೊಂದು ಮರಕ್ಕೂ ಇ-ಮೇಲ್ ವಿಳಾಸ ಕೊಟ್ಟರೆ, ಅನೇಕರು ಮರಗಳಿಗೆ ಒಲವಿನ ಓಲೆಗಳನ್ನೇ ಬರೆದರು.

ಸಿಡ್ನಿಯ ಪಶ್ಚಿಮ ಭಾಗದಲ್ಲಿ ನಮ್ಮವರ ಎಷ್ಟೋ ಹೊಸ ಮನೆಗಳು ಕಂಬರ್ಲ್ಯಾಂಡ್ ಬಯಲಿನ ಮೇಲೆ ನಿಂತಿವೆ. ಆ ಬಯಲಿನ ಕಾಡು ಇಂದು ಅಳಿವಿನ ಅಂಚಿನಲ್ಲಿದೆಯೆಂದು ಸರ್ಕಾರವೇ ಪಟ್ಟಿಮಾಡಿದೆ. ಬಂದವರಿಗೆ ಮನೆ ಬೇಡವೇ? ಖಂಡಿತ ಬೇಕು. ಆದರೆ ಮನೆ ಪಡೆದವರಿಗೆ ಉಳಿದ ತುಣುಕುಗಳನ್ನು ಕಾಯುವ ಋಣವೂ ಇದೆ.

ಇದು ನಮಗೆ ಹೊಸ ಪಾಠವೇನಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಊರಿನವರೇ ಕಾಯ್ದುಕೊಂಡು ಬಂದಿದ್ದಾರೆ. ಇಲ್ಲಿಯೂ ಸ್ಥಳೀಯ ನಗರಸಭೆಗಳ ‘ಬುಷ್‌ಕೇರ್’ ತಂಡಗಳಿವೆ. ಕಳೆ ಕೀಳಲು, ಸಸಿ ನೆಡಲು ಯಾರು ಬೇಕಾದರೂ ಸೇರಬಹುದು. ಸಿಡ್ನಿಯಲ್ಲಿ ಕೀಳಬೇಕಾದ ಕಳೆಗಳಲ್ಲಿ ನಮ್ಮೂರ ಕಾಡುಗಳನ್ನೂ ಕಾಡುತ್ತಿರುವ ಲಂಟಾನವೂ ಒಂದು!

ರಾಜ್ಯೋತ್ಸವ, ಯುಗಾದಿಗಳ ಜೊತೆಗೆ ನಮ್ಮ ಒಂದೊಂದು ಸಂಘವೂ ತಿಂಗಳಿಗೊಂದು ಬೆಳಗನ್ನು ನೆರೆಯ ಕಾಡಿಗೆ ಮೀಸಲಿಡಲಿ. ಮಕ್ಕಳು ಅಲ್ಲಿನ ಮರಗಳನ್ನು ಹೆಸರು ಹಿಡಿದು ಕರೆಯುವಂತಾಗಲಿ. ಆಗ ಈ ನೆಲ ನಮಗೆ ಬರಿಯ ನಿವೇಶನವಾಗಿರದೆ, ಊರಾಗುತ್ತದೆ.