ಮದುವೆ ಕುದುರೆಗೂ ಲಸಿಕೆ ಬೇಕು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಲ್ಯಾಣ ಮಂಟಪಗಳಿಗೆ ವರನನ್ನು ಹೊತ್ತು ತರುವ ಕುದುರೆಗಳ ಆರೋಗ್ಯವನ್ನು ವಿಚಾರಿಸುವವರು ವಿರಳ. ರೇಸ್ ಕುದುರೆಗಳಿಗೆ ಪಶುವೈದ್ಯರಿದ್ದಾರೆ, ಲಸಿಕೆಯ ದಾಖಲೆ ಇದೆ. ಬಾಡಿಗೆ ಕುದುರೆಗೆ ಇರುವುದು ಮಾಲೀಕನ ಕಾಳಜಿ ಮಾತ್ರ, ಅವನ ಕೈಯೂ ಬಿಗಿ.

ಧನುರ್ವಾಯುವನ್ನೇ ನೋಡಿ. ಈ ರೋಗಕ್ಕೆ ಅತಿ ಸುಲಭವಾಗಿ ತುತ್ತಾಗುವ ಪ್ರಾಣಿಗಳಲ್ಲಿ ಕುದುರೆಯೂ ಒಂದು. ರೋಗಾಣು ಇರುವುದು ಮಣ್ಣಿನಲ್ಲಿ, ಲದ್ದಿಯಲ್ಲಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ರಸ್ತೆ ಬದಿಯ ಮೊಳೆ, ತಗಡಿನ ಚೂರು ಗೊರಸಿಗೆ ಚುಚ್ಚಿದರೆ ಅಷ್ಟೇ ಸಾಕು. ದವಡೆ ಬಿಗಿದು, ಮೈ ಸೆಟೆದು ನರಳುವ ಕುದುರೆಯನ್ನು ಉಳಿಸುವುದು ಬಲು ಕಷ್ಟ. ಆದರೆ ಮೊದಲು ಕೆಲವು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು ಕೊಡಿಸಿದರೆ ಅದನ್ನು ತಡೆಯಬಹುದು. ಬೀದಿನಾಯಿಗಳಿರುವ ನಗರದಲ್ಲಿ ರೇಬೀಸ್ ಲಸಿಕೆಯೂ ಅಷ್ಟೇ ಅಗತ್ಯ. ಜಂತುಹುಳು ಪರೀಕ್ಷೆ, ಲಾಳ, ಹಲ್ಲುಗಳ ಆರೈಕೆಯನ್ನೂ ಮರೆಯಬಾರದು.

ಕುದುರೆಗಳನ್ನು ಕಾಡುವ ಗ್ಲ್ಯಾಂಡರ್ಸ್ ಎಂಬ ಸೋಂಕಿಗೆ ಮಾತ್ರ ಲಸಿಕೆಯೇ ಇಲ್ಲ. ಮನುಷ್ಯರಿಗೂ ಹರಡುವ ಈ ರೋಗ 2025ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ಕಾಣಿಸಿತು. ಇದನ್ನು ಬೇಗ ಹಿಡಿಯಲು ರಕ್ತಪರೀಕ್ಷೆ ಮುಖ್ಯ ದಾರಿ. ರೋಗ ಖಚಿತವಾದರೆ ಕುದುರೆಗೆ ದಯಾಮರಣವೇ ಗತಿ. ಜೀವನಾಧಾರ ಕಳೆದುಕೊಳ್ಳುವ ಭಯದಲ್ಲಿ ಮಾಲೀಕ ರೋಗಲಕ್ಷಣ ಮುಚ್ಚಿಟ್ಟರೆ ಆಶ್ಚರ್ಯವಿಲ್ಲ. ಹಾಗಾಗಿ ಕುದುರೆ ಕಳೆದುಕೊಂಡವನಿಗೆ ಪರಿಹಾರಧನ ತಡವಿಲ್ಲದೆ ಕೈಸೇರಬೇಕು.

ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಪಶುಪಾಲನಾ ಇಲಾಖೆ ಅದರ ನೆರವಿನಿಂದ ಮದುವೆಯ ಹಂಗಾಮಿಗೆ ಮೊದಲೇ ಕುದುರೆ ಲಾಯಗಳ ಬಳಿಯೇ ಉಚಿತ ಶಿಬಿರ ನಡೆಸಲಿ. ಕಲ್ಯಾಣ ಮಂಟಪಗಳು ಲಸಿಕೆ ಮತ್ತು ರಕ್ತಪರೀಕ್ಷೆಯ ಚೀಟಿ ಕೇಳಲಿ.