ಒಂದನೇ ಕ್ಲಾಸಿನ ಮಗು ಈ ಜೂನ್‌ನಲ್ಲಿ ಏನೇನು ಕಲಿಯುತ್ತೆ?



ಇನ್ನೇನು ಶಾಲೆ ಶುರು. ನಮ್ಮ ಕುಪ್ಪಗಡ್ಡೆ ಕಡೆ ಮಳೆ ಹನಿದಿದೆ, ಜನ ಗದ್ದೆ, ಜೋಳ, ಶುಂಠಿ ಕೆಲಸಕ್ಕೆ ಇಳಿದಿದ್ದಾರೆ. ಮೊನ್ನೆ ಕೇರಿಯಲ್ಲಿ ಒಬ್ಬ ತಂಗಿ ಕೇಳಿದಳು: "ಅಣ್ಣ, ಮಗಳನ್ನ ಒಂದನೇ ಕ್ಲಾಸಿಗೆ ಹಾಕ್ತಿದೀವಿ. ದಸರಾ ರಜೆ ತನಕ ಅವಳಿಗೆ ಏನೇನು ಕಲಿಸ್ತಾರೆ?"

ಪಠ್ಯಪುಸ್ತಕದ ಬಗ್ಗೆ ಎಷ್ಟೋ ಸಭೆಗಳಲ್ಲಿ ಮೈಕ್ ಹಿಡಿದವನು ನಾನು. ಆದರೂ ಆ ತಾಯಿಯ ಪ್ರಶ್ನೆಗೆ ತಕ್ಷಣ ಉತ್ತರ ಬರಲಿಲ್ಲ. ನಾಚಿಕೆ ಆಯ್ತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಮ್ಮ ಪಠ್ಯದ ಜಗಳಗಳನ್ನ ನೆನಪು ಮಾಡ್ಕೊಳ್ಳಿ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿದ ಒಂಬತ್ತನೇ ತರಗತಿ ಪುಸ್ತಕದಲ್ಲಿ ಬಾಬಾಸಾಹೇಬರ ಹೆಸರಿನ ಜೊತೆ ಇದ್ದ "ಸಂವಿಧಾನ ಶಿಲ್ಪಿ" ಅನ್ನೋದು ಮಾಯವಾಗಿತ್ತು. ಬೀದಿಗೆ ಇಳಿದ್ವಿ, ಸರ್ಕಾರ ತಿದ್ದಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಹೆಡಗೇವಾರ್, ಸಾವರ್ಕರ್ ಪಾಠ ತೆಗೆದು ಸಾವಿತ್ರಿಬಾಯಿ ಫುಲೆ ಪಾಠ ಸೇರಿಸ್ತೀವಿ ಅಂದಾಗ ಸಂತೋಷಪಟ್ವಿ. ಎರಡೂ ಸರಿಯೇ. ಆದ್ರೆ ಆ ಗಲಾಟೆ ಹೆಚ್ಚಾಗಿ ನಡೆದದ್ದು ಆರರಿಂದ ಹತ್ತನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನದ ಮೇಲೆ. ಮೂರನೇ ಕ್ಲಾಸಿಗೆ ಬಂದರೂ ಒಂದು ಸಾಲು ಓದೋಕೆ ಬಾರದ ಮಗು ಸಾವಿತ್ರಿಬಾಯಿ ಪಾಠದ ತನಕ ಹೋಗೋದೇ ಕಷ್ಟ. ಒಂದು, ಎರಡು, ಮೂರನೇ ಕ್ಲಾಸಿನಲ್ಲಿ ಏನು ನಡೀತಿದೆ ಅಂತ ನಾವು ಕೇಳಿದ್ದು ಕಡಿಮೆ.

ಸರಿ, ಆ ತಂಗಿಗೆ ಉತ್ತರ. ಸರ್ಕಾರಿ ಶಾಲೆಯ ಸಣ್ಣ ಮಕ್ಕಳಿಗೆ ಇರೋದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆ ನೋಡಿ ಬಂದು ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಟ್ಟಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೊದಲ ದಿನಗಳಲ್ಲಿ ಹಾಡು, ಕತೆ, ಆಟ. ಆಮೇಲೆ ಅಕ್ಷರ. ನಮ್ಮ ಕಾಲದ ಹಾಗೆ ಅ ಆ ಇ ಈ ಇಂದ ಅಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅಷ್ಟರಲ್ಲೇ ಮಗು ಸರ, ಮರ, ದನ, ಜನ ಅಂತ ಪದ ಕಟ್ಟುತ್ತೆ. ಗಣಿತದಲ್ಲಿ ದೊಡ್ಡದು-ಚಿಕ್ಕದು, ಎಣಿಸೋದು. ಪರಿಸರದಲ್ಲಿ ಮನೆ, ಕುಟುಂಬ, ನೀರು, ಆಹಾರ. ಕಲಿಕೆಯ ಏಣಿ ಅಂತ ಒಂದು ಇರುತ್ತೆ. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡ್ ತಗೊಂಡು, ತನಗೆ ಎಷ್ಟು ಸಹಾಯ ಬೇಕೋ ಆ ಗುಂಪಿನಲ್ಲಿ ಕೂರುತ್ತೆ. ಗುಂಪಿಗೆ "ತಟ್ಟೆ" ಅಂತಾರೆ. ಶಿಕ್ಷಕರ ಸಹಾಯದ ತಟ್ಟೆಯಿಂದ ಹಿಡಿದು ಸ್ವಕಲಿಕೆಯ ತಟ್ಟೆ ತನಕ ಒಟ್ಟು ಐದು.

ಇದು ನಮ್ಮ ಮಕ್ಕಳಿಗೆ ಒಳ್ಳೇದೇ. ಅವ್ವನ ಜೊತೆ ಶುಂಠಿ ಕೆಲಸದ ಕಡೆ ಹೋಗಿ ಹತ್ತು ದಿನ ತಪ್ಪಿಸಿದ ಮಗು ವಾಪಸ್ ಬಂದಾಗ "ಪಾಠ ಮುಗೀತು" ಅಂತ ಯಾರೂ ಹೇಳಲ್ಲ. ಎಲ್ಲಿ ಬಿಟ್ಟಿತ್ತೋ ಅದೇ ಕಾರ್ಡಿಂದ ಶುರು ಮಾಡಬಹುದು.

ಇಷ್ಟು ಕಾರ್ಡಿನಲ್ಲಿ ಇರೋದು. ಕಾರ್ಡಿನಲ್ಲಿ ಇಲ್ಲದ್ದನ್ನೂ ಮಗು ಕಲಿಯುತ್ತೆ. ನನ್ನದೇ ಹೇಳ್ತೀನಿ, ಶಾಲೆಯ ಹೆಸರು ಬೇಡ. ಗೋಡೆ ಮೇಲಿನ ಚಾರ್ಟಿನಲ್ಲಿ "ಅ" ಅಂದ್ರೆ ಅಗಸ. "ಅಗಸ ಅಂದ್ರೆ ಬಟ್ಟೆ ಒಗೆಯೋನು. ನಮ್ಮ ಕ್ಲಾಸಲ್ಲಿ ಯಾರಿದಾರೆ?" ಅಂದ್ರು ಮೇಷ್ಟ್ರು. ಇಡೀ ಕ್ಲಾಸು ಒಬ್ಬ ಹುಡುಗನ ಕಡೆ ತಿರುಗ್ತು. ಅವನು ತಲೆ ತಗ್ಗಿಸಿದ. ಮುಂದೆ ಯಾವ ಅಕ್ಷರಕ್ಕೆ ನನ್ನ ಕಡೆ ತಿರುಗ್ತಾರೋ ಅಂತ ನಾನು ಚಾರ್ಟಿನ ಕೊನೆ ತನಕ ಭಯದಲ್ಲೇ ಕೂತಿದ್ದೆ. ಅದೇ ಚಾರ್ಟಿನಲ್ಲಿ "ಋ" ಅಂದ್ರೆ ಋಷಿ. ನಮ್ಮ ಕ್ಲಾಸಲ್ಲಿ ಋಷಿ ಯಾರು ಅಂತ ಮೇಷ್ಟ್ರು ಕೇಳಲಿಲ್ಲ.

ಈಗ ಆ ಚಾರ್ಟ್ ಇಲ್ಲದೆ ಇರಬಹುದು. ಆದ್ರೆ ಕುಟುಂಬದ ಪಾಠ ಮಾಡುವಾಗ "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಅಂತ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರೆ ಅದು ಜಾತಿಯ ಹಾಜರಿಯೇ ಆಗುತ್ತೆ. ನೀರಿನ ಪಾಠದ ದಿನ ಕೊಡ ಯಾರು ಮುಟ್ಟಬೇಕು ಅಂತ ನಿಯಮ ಇದ್ದರೆ ಮಗು ಎರಡೂ ಪಾಠ ಕಲಿಯುತ್ತೆ. ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು ಕುಡೀಬೇಕಿತ್ತು. ಜವಾನ ಇಲ್ಲ ಅಂದ್ರೆ ನೀರಿಲ್ಲ. ಮುಂದೆ ಎಷ್ಟೆಷ್ಟು ಡಿಗ್ರಿ ಪಡೆದರೂ ಅವರು ಅದನ್ನ ಮರೀಲಿಲ್ಲ, ಬರೆದಿಟ್ಟರು.

ಇದು ಹಳೇ ಕಾಲದ ಕತೆ ಅನ್ನೋರಿಗೆ: 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ಇಡೀ ರಾಜ್ಯ ನೋಡಿದೆ. ಆ ಮಕ್ಕಳು ನಮ್ಮ ಒಂದನೇ ಕ್ಲಾಸಿನವರಿಗಿಂತ ದೊಡ್ಡವರು. ಆದ್ರೆ ಪೊರಕೆ ಯಾರ ಕೈಗೆ ಹೋಗುತ್ತೆ, ಬಿಸಿಯೂಟದ ತಟ್ಟೆ ಎಲ್ಲಿ ಇಡಬೇಕು ಅನ್ನೋದು ತೀರ್ಮಾನ ಆಗೋದು ಆರನೇ ವಯಸ್ಸಿನಲ್ಲೇ.

ಕಲಿಕೆಯ ತಟ್ಟೆಯನ್ನೂ ಗಮನಿಸಬೇಕು. ಆ ಗುಂಪುಗಳು ತಾತ್ಕಾಲಿಕ, ಮಗು ಕಲಿತ ಹಾಗೆ ಬದಲಾಗಬೇಕು. ಜೂನ್‌ನಲ್ಲಿ ಶಿಕ್ಷಕರ ಸಹಾಯದ ತಟ್ಟೆಯಲ್ಲಿ ಕೂತ ನಮ್ಮ ಮಕ್ಕಳು ಜನವರಿಗೂ ಅಲ್ಲೇ ಇದ್ದರೆ, ಶಾಲೆಯೊಳಗೇ ಒಂದು ಕೇರಿ ಆಯ್ತು ಅಂತ ಅರ್ಥ. ಅದನ್ನ ಯಾವ ಪುಸ್ತಕದಲ್ಲೂ ಹುಡುಕೋಕೆ ಆಗಲ್ಲ. ಕ್ಲಾಸಿಗೆ ಹೋಗಿಯೇ ನೋಡಬೇಕು.

ಮೇಷ್ಟ್ರು, ಟೀಚರ್‌ಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ಹಳ್ಳಿ ಶಾಲೆಯಲ್ಲಿ ಒಬ್ಬರೇ ಮೂರು ಕ್ಲಾಸು ನೋಡ್ತಾರೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಎಲ್ಲ ಅವರ ತಲೆ ಮೇಲೇ. ನಮ್ಮ ಮಕ್ಕಳ ಹೆಸರು ಹಿಡಿದು ಪ್ರೀತಿಯಿಂದ ಕರೆದು ಕಲಿಸಿದವರೂ ಇದ್ದಾರೆ. ಅಂಥವರಿಗೆ ನಾವು ಜೊತೆ ಇದ್ದೀವಿ ಅಂತ ಗೊತ್ತಾಗಬೇಕು.

"ಆರು ವರ್ಷದ ಮಗುವಿನ ಮುಂದೆ ಜಾತಿ ಮಾತು ಯಾಕೆ?" ಅಂತ ಕೆಲವರು ಕೇಳ್ತಾರೆ. ಮಾತು ಆಡದಿದ್ದರೂ ಮಗು ಕಲೀತಾ ಇದೆಯಲ್ಲ ಸ್ವಾಮಿ. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸ್ತಾರೆ, ಒಳ್ಳೇದು. "ಸಾರ್ವಭೌಮ" ಅನ್ನೋದು ಒಂದನೇ ಕ್ಲಾಸಿಗೆ ಅರ್ಥ ಆಗಲ್ಲ. ಒಂದೇ ನಲ್ಲಿ, ಒಂದೇ ಸಾಲು, ಎಲ್ಲರ ಕೈಗೂ ಪೊರಕೆ ಅನ್ನೋದು ಚೆನ್ನಾಗಿ ಅರ್ಥ ಆಗುತ್ತೆ.

ನಮ್ಮ ತಾಲೂಕಿನ ಚಂದ್ರಗುತ್ತಿಯನ್ನ ಮರೀಬೇಡಿ. 1986ರಲ್ಲಿ ಬೆತ್ತಲೆ ಸೇವೆ ತಡೆಯೋಕೆ ದಸಂಸ ಕಾರ್ಯಕರ್ತರು ಆ ಜಾಗಕ್ಕೇ ಹೋಗಿ ನಿಂತರು, ಏಟು ತಿಂದರು. ಆಮೇಲೆ ಸರ್ಕಾರ ಅದನ್ನ ನಿಷೇಧಿಸಿತು. ಶಾಲೆ ನಮ್ಮ ಮನೆಯಿಂದ ಅಷ್ಟು ದೂರ ಇಲ್ಲ. ಅಲ್ಲಿಗೆ ಹೋದರೆ ಏಟೂ ಬೀಳಲ್ಲ.

ಹಾಗಾಗಿ ಈ ಜೂನ್‌ನಲ್ಲಿ ಪ್ರತಿ ಕೇರಿಯಲ್ಲೂ ಇಷ್ಟು ಮಾಡೋಣ:

1. ಮೊದಲ ವಾರ ಮಗುವಿನ ಜೊತೆ ಕ್ಲಾಸಿನ ಒಳಗೆ ಹೋಗಿ. ಯಾವ ತಟ್ಟೆ, ಏಣಿಯ ಯಾವ ಮೆಟ್ಟಿಲು ಅಂತ ಕೇಳಿ. ತಿಂಗಳಿಗೊಮ್ಮೆ ಮತ್ತೆ ಕೇಳಿ.

2. ಎಸ್‌ಡಿಎಂಸಿ ಸಭೆಗೆ ಹೋಗಿ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು, ನಮ್ಮಂಥವರಿಗೆ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು. ಮನೆಗೆ ತಂದ ಪುಸ್ತಕಕ್ಕೆ ಸಹಿ ಹಾಕಿ ಕಳಿಸಬೇಡಿ.

3. ನೀರು, ಊಟ, ಪೊರಕೆ ಈ ಮೂರನ್ನ ಕಣ್ಣಾರೆ ನೋಡಿ. ತಪ್ಪು ಕಂಡರೆ ಕಾಯ್ದೆಯ 8ನೇ ಸೆಕ್ಷನ್ ಹೇಳಿ: ಮಗುವಿಗೆ ತಾರತಮ್ಯ ಆಗದಂತೆ ನೋಡೋದು ಸರ್ಕಾರದ ಕರ್ತವ್ಯ.

4. ಟೀಚರ್ ಜೊತೆ ಕೂತು ನಮ್ಮ ಕೇರಿಯ ಪದಗಳ ನಾಲ್ಕು ಕಾರ್ಡ್ ಮಾಡಿಸಿ. ಹಲಗೆ, ಏಡಿ, ಗದ್ದೆ, ಭೀಮ. ತನ್ನ ಮನೆಯ ಪದ ಗೋಡೆ ಮೇಲೆ ಕಂಡ ಮಗು ಶಾಲೆಗೆ ಹೆದರಲ್ಲ.

ಆ ತಂಗಿಗೆ ಇಷ್ಟನ್ನೂ ಹೇಳಿದೆ. "ಅಣ್ಣ, ನಾ ಒಬ್ಬಳೇ ಹೋದರೆ ಬಾಗಿಲಲ್ಲೇ ನಿಲ್ಲಿಸ್ತಾರೆ, ನೀನೂ ಬಾ" ಅಂದಳು. ಶಾಲೆ ಶುರುವಾದ ದಿನ ಹೋಗ್ತಿದ್ದೀವಿ. ನಿಮ್ಮ ಕೇರಿಯಲ್ಲಿ ಯಾರು ಯಾರು ಹೋಗ್ತೀರಿ, ಕೆಳಗೆ ಬರೀರಿ. ಜೂನ್ ಕೊನೆಗೆ ಏನು ಕಂಡ್ರಿ ಅನ್ನೋದನ್ನೂ ಬರೀರಿ.

ಜೈ ಭೀಮ್.